ಹಣೆಯ ಮೇಲಿನ ಹಿತಪಟ್ಟಿ

"ಯಾಕೆ ಟೀಚರ್, ಮುಖ ಬಾಡಿದೆ? ನೋವಿದೆಯಾ?" ಎನ್ನುತ್ತ ಡಾ. ಧೃತಿ ಬೆಳಗಿನ ಒಂಬತ್ತಕ್ಕೆ ಸರಿಯಾಗಿ ಕೋಣೆಗೆ ಕಾಲಿಟ್ಟಳು.

"ಪರವಾಗಿಲ್ಲ ಡಾಕ್ಟ್ರೇ, ಆರಾಮಾಗಿದೀನಿ," ಎಂದರು ಸಿಂಚನಾ ಟೀಚರ್. ಅಷ್ಟರಲ್ಲೇ ಅವರ ಹಣೆಗೆ ಅಂಟಿಸಿದ್ದ ಹಿತಪಟ್ಟಿ ಹಸಿರಿನಿಂದ ಕೆಂಪಿಗೆ ತಿರುಗಿತು. ಎಂಟು ದಿನದಿಂದ ನೋಡುತ್ತಿದ್ದರೂ, ತಾನು ಕಂಡುಹಿಡಿದ ಪಟ್ಟಿ ಬಣ್ಣ ಬದಲಿಸಿದಾಗಲೆಲ್ಲ ಧೃತಿಗೆ ಕುಣಿಯಬೇಕೆನಿಸುತ್ತಿತ್ತು.

ಅವಳ ಆರು ವರ್ಷದ ದುಡಿಮೆ ಅದು. ಹಿತಪಟ್ಟಿ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಹಾಳೆ. ಚರ್ಮದ ಕೆಳಗಿನ ನರಗಳಲ್ಲಿ ಹರಿಯುವ ಸೂಕ್ಷ್ಮ ವಿದ್ಯುತ್ತನ್ನೂ ರಕ್ತದ ಓಟವನ್ನೂ ಅಳೆದು, ಮನುಷ್ಯ ಹಿತವಾಗಿದ್ದರೆ ಹಸಿರು, ಸಂಕಟದಲ್ಲಿದ್ದರೆ ಕೆಂಪು ತೋರಿಸುತ್ತಿತ್ತು. ಗಾಯ ನೊಂದರೆ ತಾನೇ ತಂಪು ಮದ್ದನ್ನೂ ಒಸರುತ್ತಿತ್ತು. 2061ರ ಹೊತ್ತಿಗೆ ಮುಖದ ಸುಕ್ಕು ತೆಗೆಸುವುದು ಹಲ್ಲು ಕ್ಲೀನ್ ಮಾಡಿಸಿದಷ್ಟೇ ಸಲೀಸಾಗಿತ್ತು. ಆದರೆ ಮಾಡಿಸಿಕೊಂಡವರಿಗೆ ನಿಜಕ್ಕೂ ಸಮಾಧಾನವಾಯಿತೇ ಎಂದು ತಿಳಿಯುವ ದಾರಿ ಮಾತ್ರ ಇರಲಿಲ್ಲ. ನಮ್ಮ ಜನವೋ, ಪ್ರಾಣ ಹೋಗುತ್ತಿದ್ದರೂ ಡಾಕ್ಟರ ಮುಂದೆ ‘ಪರವಾಗಿಲ್ಲ’ ಎನ್ನುವವರು.

ಸಿಂಚನಾ ಟೀಚರ್‌ಗೆ ಐವತ್ತಾರು. ಮೈಸೂರಿನಲ್ಲಿ ಮೂವತ್ತು ವರ್ಷ ಪುಟ್ಟ ಮಕ್ಕಳಿಗೆ ಪಾಠ ಹೇಳಿದವರು. ಹುಬ್ಬುಗಳ ನಡುವಿನ ಎರಡು ಆಳವಾದ ಗೆರೆಗಳಿಂದಾಗಿ ಅವರು ನಕ್ಕರೂ ಗದರಿದಂತೆ ಕಾಣುತ್ತಿತ್ತು. ಆ ಗೆರೆಗಳನ್ನು ತೆಗೆಸಿ, ಹಿತಪಟ್ಟಿಯ ಪರೀಕ್ಷೆಗೆ ಒಪ್ಪಿ ಆಸ್ಪತ್ರೆಯಲ್ಲೇ ಉಳಿದು ಎಂಟು ದಿನವಾಗಿತ್ತು, ಗಾಯವೂ ಮಾದಿತ್ತು. ಆದರೂ ಪಟ್ಟಿ ದಿನಕ್ಕೆ ಏಳೆಂಟು ಸಲ ಕೆಂಪಾಗುತ್ತಿತ್ತು. "ಕೆಲಸ ಅರ್ಧಂಬರ್ಧ ಆಗಿದೆ ಅನ್ಸುತ್ತೆ, ಇನ್ನೊಂದ್ಸಲ ಮಾಡಿಬಿಡಿ," ಎಂದು ಟೀಚರ್ ಹಟ ಹಿಡಿದಿದ್ದರು. ಹನ್ನೊಂದಕ್ಕೆ ಎರಡನೇ ಶಸ್ತ್ರಚಿಕಿತ್ಸೆ. ಒಪ್ಪಿಗೆ ಪತ್ರಕ್ಕೆ ಸಹಿಯೊಂದೇ ಬಾಕಿ.

ಮಾದ ಗಾಯದಲ್ಲಿ ಸಂಕಟ ಎಲ್ಲಿಂದ ಬಂತು? ಕಾರಣ ತಿಳಿಯದೆ ಮತ್ತೆ ಕತ್ತರಿ ಹಾಕಿಸುವುದೆಂದರೆ ಧೃತಿಗೆ ಭಯ. ಎ.ಸಿ. ಆರಿಸಿದಳು, ದಿಂಬು ಬದಲಿಸಿದಳು, ಪರದೆ ಎಳೆದಳು. ಕೊನೆಗೆ ಮೂಲೆಯ ಕುರ್ಚಿಯಲ್ಲಿ ಕೂತು ಸುಮ್ಮನೆ ನೋಡತೊಡಗಿದಳು. ಟೀಚರ್ ಕನ್ನಡಿ ನೋಡಿಕೊಂಡರು. ಪಟ್ಟಿ ಹಸಿರಾಯಿತು.

ನರ್ಸ್ ದಿವ್ಯಶ್ರೀ ಬಂದಳು. "ಏನ್ ಟೀಚರ್, ಇವತ್ತು ಸಪ್ಪಗಿದೀರಾ?" ಕೆಂಪು.

ಟೀಚರ್ ಅವರ ಅಕ್ಕ ಮಾನಸ ತಿಂಡಿ ಡಬ್ಬಿ ಹಿಡಿದು ಬಂದರು. "ಏನೇ ಇದು, ಇಷ್ಟೊಂದು ಸೊರಗಿ ಹೋಗಿದೀಯ?" ಮತ್ತೆ ಕೆಂಪು.

ನೆಲ ಒರೆಸಲು ಬಂದ ರೂಪಾ ಮಾತ್ರ, "ಕಾಫಿ ಆಯ್ತಾ ಟೀಚರಮ್ಮ?" ಎಂದಳು. ಪಟ್ಟಿ ಹಸಿರಾಯಿತು, ಹಸಿರಾಗೇ ಉಳಿಯಿತು.

ಧೃತಿ ದಡಬಡಿಸಿ ಎದ್ದಳು. ಕಾರಣ ಸಿಕ್ಕಿತು ಎನ್ನುವ ಸಂಭ್ರಮ ಅವಳಿಗೆ. ಎಂಟು ದಿನದ ದಾಖಲೆ ತೆಗೆದು, ಪಟ್ಟಿ ಕೆಂಪಾದ ಹೊತ್ತುಗಳನ್ನು ನೋಡುತ್ತ ಹೋದಳು. ದಿನವೂ ಬೆಳಗಿನ ಒಂಬತ್ತಕ್ಕೆ ತಪ್ಪದೆ ಒಂದು ಕೆಂಪು. ಒಂಬತ್ತಕ್ಕೆ ಬರುತ್ತಿದ್ದವಳು ಅವಳೇ. ಧೃತಿ ಪೆಚ್ಚಾದಳು.

"ಟೀಚರ್, ಇದು ಗಾಯದ ನೋವಲ್ಲ. ಬಂದವರೆಲ್ಲ ಬಾಯಿ ತೆಗೆದ ಕೂಡಲೇ ನಿಮ್ಮ ಮುಖದ ಸುದ್ದಿ ಎತ್ತುತ್ತೀವಲ್ಲ, ಅದರ ನೋವು. ನನ್ನನ್ನೂ ಸೇರಿಸ್ಕೊಳ್ಳಿ."

"ಅಯ್ಯೋ ಡಾಕ್ಟ್ರೇ, ಪ್ರೀತಿಗೆ ಕೇಳಿದ್ದಲ್ವಾ?" ಎಂದರು ಮಾನಸ.

"ಪ್ರೀತಿಗೇ ಅಕ್ಕ," ಎಂದರು ಟೀಚರ್. "ಮೂವತ್ತು ವರ್ಷ ಎಲ್ರೂ ಪ್ರೀತಿಗೇ ಕೇಳಿದ್ರು, ಯಾಕೆ ಟೀಚರ್ ಸಿಟ್ಟು ಅಂತ. ಗೆರೆ ಹೋದ್ರೆ ಕೇಳೋದು ನಿಲ್ಲುತ್ತೆ ಅಂದ್ಕೊಂಡೆ. ಈಗ ಸಪ್ಪಗಿದೀಯ ಅಂತೀರ." ಒಪ್ಪಿಗೆ ಪತ್ರವನ್ನು ನಾಲ್ಕಾಗಿ ಮಡಚಿ ಡಬ್ಬಿಯ ಕೆಳಗಿಟ್ಟರು. "ಬೇಡ ಡಾಕ್ಟ್ರೇ. ನಾನೊಬ್ಬಳೇ ಇದ್ದಾಗ ಈ ಮುಖ ನನಗೆ ಇಷ್ಟಾನೇ."

ಪಟ್ಟಿ ಹಸಿರಾಗಿತ್ತು. ಧೃತಿಗೆ ಕಣ್ಣು ತುಂಬಿ ಬಂತು, ನಗುವೂ ಬಂತು. ಇದನ್ನು ಯಾರಿಗಾದರೂ ಹೇಳದೆ ಇರಲಾಗದೆ ಹೊರಗೆ ಓಡಿದಳು. ಕಾರಿಡಾರಿನಲ್ಲಿ ದಿವ್ಯಶ್ರೀ ಪಾಳಿ ಮುಗಿಸಿ ಚೀಲ ಹೆಗಲಿಗೇರಿಸುತ್ತಿದ್ದಳು.

"ಯಾಕೆ ದಿವ್ಯಾ, ಕಣ್ ಕೆಳಗೆ ಇಷ್ಟು ಕಪ್ಪಾಗಿದೆ?" ಧೃತಿಯ ಬಾಯಿಂದ ಮಾತು ಹೊರಟೇಬಿಟ್ಟಿತು.

"ಪರವಾಗಿಲ್ಲ ಮೇಡಂ," ಎಂದು ದಿವ್ಯಶ್ರೀ ನಕ್ಕಳು.

ಅವಳ ಹಣೆಯ ಮೇಲೆ ಪಟ್ಟಿ ಇರಲಿಲ್ಲ.