ಪೋಸ್ಟಮ್ಮನ ಎಂಬತ್ತು ಷೇರು

ಸೊಸೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಾಗ ಮುಂದಿನ ಕೋಣೆಯಲ್ಲಿ ನಗು ತುಂಬಿ ತುಳುಕುತ್ತಿತ್ತು. ಅವಳ ಚೀಲದೊಳಗೆ ಮಡಚಿಟ್ಟ ಒಂದು ಕಾಗದವಿತ್ತು. ಮಧ್ಯಾಹ್ನ ಮೂರು ಗಂಟೆಗೆ ಕೈಗೆ ಬಂದ ಆ ಕಾಗದವನ್ನು ಬಸ್ಸಿನಲ್ಲಿ ನಾಲ್ಕು ಸಲ ಓದಿದ್ದಳು. ನಾಲ್ಕು ಸಲವೂ ಅದು ಅದನ್ನೇ ಹೇಳಿತ್ತು. ಮೊದಲು ಗಂಡನಿಗೆ ಹೇಳಬೇಕು, ಆಮೇಲೆ ಅತ್ತೆಗೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದವಳಿಗೆ, ಮನೆ ತುಂಬ ಜನ ಕಂಡೊಡನೆ ಆ ಜೋಡಣೆಯೆಲ್ಲ ಚೆಲ್ಲಾಪಿಲ್ಲಿಯಾಯಿತು.

ಜನವೆಂದರೆ ಅತ್ತೆಯ ಷೇರು ಬಳಗ. ಅತ್ತೆ ಮೂವತ್ತೊಂದು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ನಿವೃತ್ತರಾದವರು. ಬೀದಿಯವರಿಗೆಲ್ಲ ಅವರು ಪೋಸ್ಟಮ್ಮ. ದುಡ್ಡಿನ ವಿಷಯದಲ್ಲಿ ಪೋಸ್ಟಮ್ಮ ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಐದು ವರ್ಷದ ಹಿಂದೆ ಅವರು ಊರಂಚಿನ ಚಿಪ್ ಕಂಪನಿಯ ಎಂಬತ್ತು ಷೇರು ಕೊಂಡಾಗ ಪಕ್ಕದ ಔಷಧಿ ಅಂಗಡಿಯವರು, ಎದುರುಮನೆಯ ನಿವೃತ್ತ ಬಸ್ ಡ್ರೈವರಣ್ಣ, ಮೂಲೆಮನೆಯ ಟೈಲರಮ್ಮ ಎಲ್ಲರೂ ಕಣ್ಣು ಮುಚ್ಚಿಕೊಂಡು ತಲಾ ಒಂದಿಷ್ಟು ಕೊಂಡಿದ್ದರು. ಎಐ ಯಂತ್ರಗಳ ಮಿದುಳಿಗೆ ಬೇಕಾದ ಚಿಪ್ ಅಲ್ಲಿ ತಯಾರಾಗುತ್ತದೆ ಅನ್ನುವುದಷ್ಟೇ ಅವರಿಗೆ ಗೊತ್ತಿದ್ದದ್ದು. ಅಂದಿನಿಂದ ವಾರಕ್ಕೆರಡು ಸಂಜೆ ಈ ಕೋಣೆಯಲ್ಲಿ ಅದೇ ಮಾತು, ಅದೇ ಜಪ.

"ಉಗುರಿನಷ್ಟು ಇರುತ್ತಂತೆ ಒಂದೊಂದು! ನಾನು ಇಪ್ಪತ್ತೆಂಟು ವರ್ಷ ಅಷ್ಟು ದೊಡ್ಡ ಬಸ್ಸು ಓಡಿಸಿದೆ, ಅದಕ್ಕೆ ಬುದ್ಧಿ ಬರಲಿಲ್ಲ ನೋಡಿ!" ಎಂದರು ಡ್ರೈವರಣ್ಣ.

"ಬಸ್ಸಿಗೆ ಬರಲಿಲ್ಲ ಬಿಡಿ, ಓಡಿಸಿದವರಿಗಾದ್ರೂ ಬಂತಾ?" ಎಂದರು ಟೈಲರಮ್ಮ. ಮತ್ತೆ ನಗು.

"ಇವತ್ತು ಒಂದೇ ದಿನಕ್ಕೆ ಹನ್ನೊಂದು ಪರ್ಸೆಂಟ್ ಮೇಲಕ್ಕೆ ಹೋಗಿದೆ, ತಮಾಷೆ ಅಲ್ಲ," ಎಂದರು ಔಷಧಿ ಅಂಗಡಿಯವರು, ಕನ್ನಡಕ ಹಣೆಗೇರಿಸಿ ಫೋನನ್ನು ಮೂಗಿನ ಹತ್ತಿರ ಹಿಡಿದು. "ಯಾಕೆ ಅಂತ ಬರೆದಿದ್ದಾರೆ ಕೇಳಿ. ಚಿಪ್‌ಗಳನ್ನ ಕೈಯಲ್ಲಿ ಹಿಡಿದು ಪರೀಕ್ಷೆ ಮಾಡೋ ವಿಭಾಗಾನೇ ಮುಚ್ತಾರಂತೆ. ಇನ್ಮೇಲೆ ಯಂತ್ರಾನೇ ನೋಡುತ್ತಂತೆ. ಮುನ್ನೂರ ನಲವತ್ತು ಜನರ ಸಂಬಳ ಉಳೀತು ಕಂಪನಿಗೆ."

"ಅಯ್ಯೋ, ಮುನ್ನೂರ ನಲವತ್ತು ಜನರಾ?" ಟೈಲರಮ್ಮನ ದನಿ ಸ್ವಲ್ಪ ಇಳಿಯಿತು.

"ವ್ಯಾಪಾರ ಅಂದ್ಮೇಲೆ ಇದೆಲ್ಲ ಇದ್ದದ್ದೇ," ಎಂದರು ಪೋಸ್ಟಮ್ಮ, ಕೌಂಟರಿನ ಹಿಂದಿನಿಂದ ಹೇಳುವಷ್ಟೇ ಖಚಿತವಾಗಿ. "ಬೇಡದ ಕೈಗಳನ್ನ ಎಷ್ಟು ದಿನ ಅಂತ ಸಾಕ್ತಾರೆ?" ಆಗ ಬಾಗಿಲಲ್ಲಿ ನಿಂತ ಸೊಸೆಯ ಮೇಲೆ ಅವರ ಕಣ್ಣು ಬಿತ್ತು. "ಬಂದ್ಯಾ? ಎಲ್ಲರಿಗೂ ಒಂದೊಂದು ಲೋಟ ಕಾಫಿ ಮಾಡಮ್ಮ. ಇವತ್ತು ನಮ್ಮ ಕಂಪನಿ ಗೆದ್ದಿದೆ."

ಸೊಸೆ ಅಡುಗೆಮನೆಯ ಕಡೆ ಎರಡು ಹೆಜ್ಜೆ ಇಟ್ಟಳು. ಆಮೇಲೆ ಅವಳ ಕಾಲು ತಾನಾಗಿಯೇ ನಿಂತಿತು. ಐದು ವರ್ಷದಿಂದ ಅವಳು ಅದೇ ಕಂಪನಿಯ ಕೆಲಸಕ್ಕೆ ಬೆಳಗ್ಗೆ ಏಳಕ್ಕೆ ಹೊರಟು ಸಂಜೆ ಐದೂವರೆಗೆ ಬರುತ್ತಿದ್ದಳು. ಅಲ್ಲಿ ಯಾವ ವಿಭಾಗದಲ್ಲಿ ಏನು ಮಾಡುತ್ತೀ ಎಂದು ಅತ್ತೆ ಒಂದು ದಿನವೂ ಕೇಳಿದವರಲ್ಲ... ಅವರು ನೋಡಿಟ್ಟಿದ್ದ ಪೋಸ್ಟ್‌ಮಾಸ್ಟರರ ಮಗಳನ್ನು ಬಿಟ್ಟು ಮಗ ತಾನೇ ಮೆಚ್ಚಿ ತಂದ ಹುಡುಗಿ ಅವಳು. ಆ ಮುನಿಸು ಜಗಳವಾಗಿ ಸಿಡಿದಿದ್ದರೆ ಆರಿಹೋಗುತ್ತಿತ್ತೋ ಏನೋ. ಅದು ಸಿಡಿಯಲಿಲ್ಲ, ಮನೆಯಲ್ಲಿ ಇನ್ನೊಬ್ಬ ಮನುಷ್ಯನಂತೆ ಸುಮ್ಮನೆ ಜೊತೆಗೆ ವಾಸ ಮಾಡಿಕೊಂಡಿತ್ತು.

"ಅತ್ತೆ," ಎಂದಳು, ತಿರುಗಿ. ದನಿ ಏರಲಿಲ್ಲ. "ಆ ಮುನ್ನೂರ ನಲವತ್ತು ಜನರಲ್ಲಿ ನಾನೂ ಒಬ್ಬಳು."

ಔಷಧಿ ಅಂಗಡಿಯವರು ಫೋನನ್ನು ಜೇಬಿಗೆ ಹಾಕಲು ಹೋಗಿ ಎರಡು ಸಲ ತಪ್ಪಿದರು. ಡ್ರೈವರಣ್ಣ ಏನೋ ಹೇಳಲು ಬಾಯಿ ತೆರೆದು, ಕೆಮ್ಮಿ, ಎದ್ದು ನಿಂತರು. ಒಬ್ಬೊಬ್ಬರಾಗಿ ಹೊರಟರು. ಟೈಲರಮ್ಮ ಮಾತ್ರ ಹೋಗುವಾಗ ಸೊಸೆಯ ಮುಂಗೈ ಒತ್ತಿ ಹೋದರು.

"ಎಲ್ಲರ ಮುಂದೆ ನನ್ನ ಮುಖಕ್ಕೆ ಹೊಡೆದ ಹಾಗೆ ಹೇಳ್ಬೇಕಿತ್ತಾ?" ಎಂದರು ಅತ್ತೆ, ಬಾಗಿಲು ಮುಚ್ಚಿದ ಮೇಲೆ.

"ಹೊಡೀಬೇಕು ಅಂತ ಹೇಳಲಿಲ್ಲ ಅತ್ತೆ. ಬೇಡದ ಕೈ ಅಂದ್ರಲ್ಲ... ಅದು ನನ್ನದೇ ಕೈ ಅಂತ ನಿಮಗೆ ಗೊತ್ತಿರಲಿ ಅಂತ ಹೇಳಿದೆ."

ಮದುವೆಯಾಗಿ ಆರು ವರ್ಷದಲ್ಲಿ ಅವಳು ಕೊಟ್ಟ ಮೊದಲ ಎದುರುತ್ತರ ಅದು.

ಬೇಕರಿಯಲ್ಲಿ ಕೆಲಸ ಮಾಡುವ ಗಂಡ ಮೈಗೆಲ್ಲ ಹಿಟ್ಟಿನ ವಾಸನೆ ಹೊತ್ತು ಏಳು ಗಂಟೆಗೆ ಬಂದ. ಕಾಗದ ಓದಿದ. ಸಾಧು ಮನುಷ್ಯ, ಸಿಟ್ಟು ಬಂದರೆ ಕಿವಿ ಕೆಂಪಾಗುವುದು ಬಿಟ್ಟು ಬೇರೇನೂ ಗೊತ್ತಿಲ್ಲದವ. ಅಂದು ಮಾತ್ರ ತಾಯಿಯ ಎದುರು ನಿಂತ. "ಅಮ್ಮ, ನಾಳೇನೇ ಆ ಷೇರೆಲ್ಲ ಮಾರಿಬಿಡು! ಇವಳ ಅನ್ನ ಕಿತ್ತುಕೊಂಡು ಏರಿದ ದುಡ್ಡು ಈ ಮನೆಗೆ ಬೇಡ."

"ನನ್ನ ದುಡ್ಡು, ನನ್ನ ಷೇರು. ನಾನು ಮಾರಲ್ಲ."

"ಹಾಗಾದ್ರೆ ನಾವಿಬ್ಬರೂ ಬೇರೆ ಮನೆ ನೋಡ್ಕೋತೀವಿ!"

ಅತ್ತೆಯ ಮುಖ ಬಿಳುಚಿತು. ಎಂದೂ ಸೋಲದ ಆ ಮುಖ ನೋಡಿ ಸೊಸೆಗೆ ಗೆದ್ದೆನೆಂಬ ಖುಷಿ ಬರಬೇಕಿತ್ತು. ಬರಲಿಲ್ಲ... ಕೌಂಟರು ಮುಚ್ಚಿದ ಮೇಲೆ ಕಿಟಕಿಯ ಮುಂದೆ ನಿಂತ ಮುದುಕಿಯೊಬ್ಬಳು ಕಂಡಳು, ಅಷ್ಟೆ.

"ಎಲ್ಲಿಗೂ ಹೋಗೋದು ಬೇಡ," ಎಂದಳು ಗಂಡನಿಗೆ. "ಅವರು ದುಡಿದ ದುಡ್ಡು, ಅವರಿಷ್ಟ. ಕಾಗದ ಬರೆದವರು ಅತ್ತೆ ಅಲ್ಲವಲ್ಲ. ಕೈ ತೊಳ್ಕೊಳ್ಳಿ, ಊಟಕ್ಕೆ ಬಡಿಸ್ತೀನಿ."

ಇನ್ನೂ ಆರು ವಾರದ ಕೆಲಸ ಬಾಕಿ ಇತ್ತು. ಷೇರು ಬಳಗ ಆ ಮನೆಯತ್ತ ಸುಳಿಯಲಿಲ್ಲ. ಅತ್ತೆ, ಸೊಸೆ ಉಪ್ಪು ಬೇಕಾ, ಸಾಕು ಅನ್ನುವಷ್ಟೇ ಮಾತಾಡಿದರು. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಊಟದ ಮೇಜಿನ ಮುಂದೆ, ತಟ್ಟೆಯಿಂದ ತಲೆ ಎತ್ತದೆ ಅತ್ತೆ ಕೇಳಿದರು: "ಅಲ್ಲಿ ನೀನು ಮಾಡೋದು ಏನು?"

ಸೊಸೆ ತುತ್ತು ಕೆಳಗಿಟ್ಟಳು.

"ಮೈಕ್ರೋಸ್ಕೋಪಿನಲ್ಲಿ ಚಿಪ್ ನೋಡೋದು ಅತ್ತೆ. ಮೇಲಿಂದ ನೋಡಿದ್ರೆ ದೊಡ್ಡ ಊರೊಂದನ್ನ ವಿಮಾನದಿಂದ ನೋಡಿದ ಹಾಗೆ ಇರುತ್ತೆ. ಬೀದಿ, ಅಡ್ಡಬೀದಿ, ಸೇತುವೆ... ಎಲ್ಲೋ ಒಂದು ಬೀದಿ ಕೂದಲೆಳೆಯಷ್ಟು ಸೀಳಿರುತ್ತೆ. ಅದನ್ನ ಹುಡುಕಬೇಕು. ದಿನಕ್ಕೆ ನಾನೂರು ನೋಡ್ತೀನಿ."

"ಕಣ್ಣು ನೋಯಲ್ವಾ?"

"ನೋಯುತ್ತೆ. ಈಗ ಬೇರೆ ಕೆಲಸ ಕೊಟ್ಟಿದ್ದಾರೆ. ಕೆಟ್ಟ ಚಿಪ್‌ಗಳ ಫೋಟೋ ತೋರಿಸ್ತಾರೆ. ಇದು ಬಿರುಕು, ಇದು ಧೂಳು, ಇದು ಬರೀ ಗೀರು ಅಂತ ಸುತ್ತ ಗೆರೆ ಎಳೆದು ಗುರುತು ಹಾಕಬೇಕು. ಅದನ್ನ ನೋಡಿ ನೋಡಿ ಯಂತ್ರ ಕಲಿಯುತ್ತಂತೆ."

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. "ಅಂದ್ರೆ... ನಿನ್ನ ಜಾಗಕ್ಕೆ ಬರೋದಕ್ಕೆ ನೀನೇ ಪಾಠ ಹೇಳ್ಕೊಡ್ತಿದ್ದೀಯಾ?"

"ಹೂಂ ಅತ್ತೆ."

"ಅದಕ್ಕೆ ಬೇರೆ ಸಂಬಳ ಉಂಟಾ?"

"ಇಲ್ಲ."

ಮರುದಿನ ಬೆಳಗ್ಗೆ ಅತ್ತೆ ಕಂಪನಿಯ ವಾರ್ಷಿಕ ಸಭೆಯ ನೋಟೀಸನ್ನು ಕಪಾಟಿನಿಂದ ತೆಗೆದು, ಭೂತಗನ್ನಡಿ ಹಿಡಿದು, ಸಣ್ಣಕ್ಷರವನ್ನೂ ಬಿಡದೆ ಓದಿದರು. ಬಳಗಕ್ಕೆ ತಾವೇ ಹೇಳಿ ಕಳಿಸಿ, ಸಭೆಗೆ ಹೋಗಿ ಮಾತಾಡುತ್ತೇನೆ ಎಂದರು.

"ನಮ್ಮ ನಾಲ್ಕು ಕಾಸಿನ ಷೇರಿಗೆ ಅಲ್ಲಿ ಯಾರು ಕಿವಿ ಕೊಡ್ತಾರೆ ಪೋಸ್ಟಮ್ಮ?" ಎಂದರು ಔಷಧಿ ಅಂಗಡಿಯವರು. "ನೀವು ಮಾತಾಡಿ ಷೇರು ಬಿದ್ದರೆ ನಷ್ಟ ನಮಗೇ ಅಲ್ವಾ?"

"ಕಿವಿ ಕೊಡೋದು ಬಿಡೋದು ಅವರಿಗೆ ಬಿಟ್ಟದ್ದು. ಎರಡು ನಿಮಿಷ ಮಾತಾಡಬಹುದು ಅಂತ ಇದರಲ್ಲಿ ಬರೆದಿದೆ. ನನ್ನ ಮಂಡಿ ಸರಿಯಿಲ್ಲ, ಇವಳು ಜೊತೆಗೆ ಬರ್ತಾಳೆ." ಬರ್ತೀಯಾ ಎಂದು ಕೇಳಲಿಲ್ಲ. ಸೊಸೆಗೂ ಬರುವುದಿಲ್ಲ ಅನ್ನಲು ಮನಸ್ಸಾಗಲಿಲ್ಲ.

ಸಭಾಂಗಣದ ಕುರ್ಚಿಗಳಿಗೆಲ್ಲ ಬಿಳಿ ಬಟ್ಟೆ ತೊಡಿಸಿದ್ದರು. ಷೇರುದಾರರಲ್ಲದವರು ಹಗ್ಗದ ಆಚೆ, ಕೊನೆಯಲ್ಲಿ ನಿಲ್ಲಬೇಕು. ಸೊಸೆ ಅಲ್ಲೇ ನಿಂತಳು. ವೇದಿಕೆಯ ಮೇಲಿನವರು ಲಾಭದ ಬಗ್ಗೆ, ಮುಂದಿನ ಹತ್ತು ವರ್ಷದ ಬಗ್ಗೆ, ಜಗತ್ತೇ ಬದಲಾಗುವುದರ ಬಗ್ಗೆ ಮಾತಾಡಿದರು. ದೊಡ್ಡ ದೊಡ್ಡ ಹೂಡಿಕೆದಾರರು ದೊಡ್ಡ ದೊಡ್ಡ ಪ್ರಶ್ನೆ ಕೇಳಿದರು. ಎಲ್ಲ ಮುಗಿಯುತ್ತ ಬಂದಾಗ ಒಂದು ಕೈ ಮೇಲೆದ್ದಿತು. ಅತ್ತೆ ಮುಂದಿನ ಕುರ್ಚಿಯ ಬೆನ್ನು ಹಿಡಿದು ನಿಧಾನವಾಗಿ ಎದ್ದರು. ಯಾರೋ ಮೈಕು ತಂದುಕೊಟ್ಟರು.

"ನನ್ನ ಹತ್ತಿರ ಇರೋದು ಎಂಬತ್ತು ಷೇರು," ಎಂದರು. ಅಲ್ಲಲ್ಲಿ ಕಿಸಕ್ಕೆಂದು ನಗು ಕೇಳಿತು. "ನಗಿ, ಪರವಾಗಿಲ್ಲ. ಅದನ್ನ ಯಾಕೆ ತಗೊಂಡೆ ಅಂತ ಹೇಳ್ತೀನಿ. ಚಿಪ್ ಅಂದ್ರೆ ಏನು ಅಂತ ನನಗೆ ಆಗ ಗೊತ್ತಿರಲಿಲ್ಲ. ನನ್ನ ಪಿಂಚಣಿ ಕಾಗದದಲ್ಲಿ ಮೂರು ಜನ ಆಫೀಸರುಗಳಿಗೆ ಕಾಣದ ಒಂದು ತಪ್ಪು ಅಂಕಿಯನ್ನ ನನ್ನ ಸೊಸೆ ಒಂದೇ ನೋಟಕ್ಕೆ ಹಿಡಿದಿದ್ದಳು. ಅವಳಿಗೆ ನಿಮ್ಮಲ್ಲಿ ಕೆಲಸ ಸಿಕ್ಕಿತು. ಅಂಥ ಕಣ್ಣು ಇರೋರನ್ನ ಆರಿಸ್ಕೊಳ್ಳೋ ಕಂಪನಿ ಕೆಡೋದಿಲ್ಲ ಅಂದ್ಕೊಂಡು ಆ ವಾರಾನೇ ಹೋಗಿ ಷೇರು ತಗೊಂಡೆ."

ಹಗ್ಗದಾಚೆ ನಿಂತ ಸೊಸೆ ಆ ಹಗ್ಗವನ್ನೇ ಹಿಡಿದುಕೊಂಡಳು. ಆರು ವರ್ಷ... ಒಂದು ಒಳ್ಳೆಯ ಮಾತಿಗಾಗಿ ಅಡುಗೆಮನೆಯ ಬಾಗಿಲಲ್ಲಿ ಎಷ್ಟು ಸಲ ಕಿವಿಯಾಗಿ ನಿಂತಿರಲಿಲ್ಲ ಅವಳು!

"ಈಗ ಆ ವಿಭಾಗದವರನ್ನೆಲ್ಲ ಬೇಡ ಅಂದಿದ್ದೀರಿ," ಎಂದರು ಅತ್ತೆ. "ಯಂತ್ರ ತಂದ್ರಿ, ತನ್ನಿ. ಬೇಡ ಅನ್ನೋಕೆ ನಾನ್ಯಾರು? ಆದ್ರೆ ಆ ಯಂತ್ರಕ್ಕೆ ಪಾಠ ಹೇಳ್ತಿರೋರು ಇವರೇ ಅಲ್ವಾ? ಮೇಷ್ಟ್ರಿಗೆ ಕೊಡೋದನ್ನ ಕೊಟ್ಟು ಕಳಿಸಿ. ನನ್ನ ಈ ವರ್ಷದ ಡಿವಿಡೆಂಡ್ ನನಗೆ ಬೇಡ, ಅದಕ್ಕೇ ಸೇರಿಸ್ಕೊಳ್ಳಿ. ಇಷ್ಟೇ ನಾನು ಕೇಳೋದು."

ಯಾರೂ ನಗಲಿಲ್ಲ. ಹಿಂದಿನ ಸಾಲಿನಿಂದ ಒಬ್ಬರು ಚಪ್ಪಾಳೆ ತಟ್ಟಿದರು, ಅದು ಡ್ರೈವರಣ್ಣ. ಟೈಲರಮ್ಮನೂ ಸೇರಿದರು. ಅಧ್ಯಕ್ಷರು ಮೈಕಿಗೆ ಬಾಗಿ, "ತಮ್ಮ ಅಭಿಪ್ರಾಯಕ್ಕೆ ಧನ್ಯವಾದ ತಾಯಿ, ಗಮನಕ್ಕೆ ತೆಗೆದುಕೊಂಡಿದ್ದೇವೆ," ಎಂದರು. ಮುಂದಿನ ಕಾಲು ಗಂಟೆಯಲ್ಲಿ ಎಲ್ಲ ನಿರ್ಣಯಗಳೂ ಪಾಸಾದವು. ಸಭೆ ಮುಗಿಯಿತು.

ವಾಪಸಾಗುವ ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತರು. ಸೊಸೆ ಕೇಳಿದಳು: "ನನಗೆ ಯಾಕೆ ಒಂದು ದಿನಾನೂ ಹೇಳಲಿಲ್ಲ ಅತ್ತೆ?"

"ಹೇಳಿದ್ರೆ ನಿನ್ನ ತಲೆ ನಿಲ್ಲಲ್ಲ ಅಂದ್ಕೊಂಡೆ..." ಅತ್ತೆ ಕಿಟಕಿಯಿಂದ ಇತ್ತ ತಿರುಗಿದರು. "ಅಲ್ಲ, ಸುಳ್ಳು. ಹೇಳೋಕೆ ಬರಲಿಲ್ಲ ಕಣೆ. ಮೊದಲ ವರ್ಷ ಹಟಕ್ಕೆ ಹೇಳಲಿಲ್ಲ. ಆಮೇಲೆ ಹೇಗೆ ಶುರು ಮಾಡ್ಬೇಕು ಅಂತಾನೇ ಗೊತ್ತಾಗಲಿಲ್ಲ. ಅವತ್ತು ಅಷ್ಟು ಜನರ ಮುಂದೆ ಬೇಡದ ಕೈ ಅಂದುಬಿಟ್ಟೆ... ಅದಕ್ಕೇ ಇದನ್ನೂ ಜನರ ಮುಂದೇನೇ ಹೇಳಬೇಕು ಅನ್ನಿಸ್ತು."

ಸೊಸೆಯ ಕಣ್ಣಿನಿಂದ ಧಾರಾಕಾರವಾಗಿ ನೀರು ಇಳಿಯುತ್ತಿತ್ತು. ಅತ್ತೆ ತಮ್ಮ ಕೈಚೀಲದಿಂದ ಕರವಸ್ತ್ರ ತೆಗೆದು ಅವಳ ತೊಡೆಯ ಮೇಲಿಟ್ಟು, "ಕಣ್ಣು ಉಜ್ಜಬೇಡ, ಮೊದಲೇ ನೋಯುತ್ತೆ ಅಂತೀಯ," ಎಂದು ಹೊರಗೆ ನೋಡತೊಡಗಿದರು.

ಕಂಪನಿಯಿಂದ ಯಾವ ಉತ್ತರವೂ ಬರಲಿಲ್ಲ. ಆರನೆಯ ವಾರದ ಕೊನೆಯಲ್ಲಿ ಮುನ್ನೂರ ನಲವತ್ತು ಜನ ತಮ್ಮ ಗುರುತಿನ ಚೀಟಿ ಹಿಂತಿರುಗಿಸಿ ಬಂದರು. ಆಸ್ಪತ್ರೆಯ ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ನೋಡುವವರು ಬೇಕಾಗಿದ್ದಾರೆ, ಒಂದು ವರ್ಷದ ಕೋರ್ಸು ಮಾಡಿದರೆ ಸಾಕು ಎಂದು ದಾರಿ ತೋರಿಸಿದವರು ಔಷಧಿ ಅಂಗಡಿಯವರೇ. ಮರುವಾರ ಅತ್ತೆ ಯಾರನ್ನೂ ಕೇಳದೆ ಎಂಬತ್ತು ಷೇರನ್ನೂ ಮಾರಿ, ಕೋರ್ಸಿನ ರಸೀದಿ ತಂದು ಮೇಜಿನ ಮೇಲಿಟ್ಟರು.

"ಮಾರೋದು ಯಾಕೆ ಬೇಕಿತ್ತು ಅತ್ತೆ! ನಿಮ್ಮ ವಯಸ್ಸಾದ ಕಾಲಕ್ಕೆ ಅಂತ ಇಟ್ಟುಕೊಂಡದ್ದು ಅದು..."

"ಯಾವ ಕಣ್ಣು ನಂಬಿ ತಗೊಂಡೆನೋ ಆ ಕಣ್ಣು ಅಲ್ಲಿ ಇಲ್ಲ. ಇನ್ನು ಅಲ್ಲಿಟ್ಟು ಏನು ಮಾಡಲಿ? ಕ್ಲಾಸು ಸೋಮವಾರದಿಂದ. ಒಂಬತ್ತೂವರೆಗೆ ಅಲ್ಲಿರಬೇಕು."

ಬಳಗದವರು ಪೂರ್ತಿ ಮಾರಲಿಲ್ಲ. ಡ್ರೈವರಣ್ಣನಿಗೆ ಮಗಳ ಮನೆ ಕಟ್ಟುವ ಆಸೆ, ಟೈಲರಮ್ಮ ಅರ್ಧ ಮಾರಿ ಅರ್ಧ ಉಳಿಸಿಕೊಂಡರು. ಪೋಸ್ಟಮ್ಮ ಯಾರನ್ನೂ ಆಡಿಕೊಳ್ಳಲಿಲ್ಲ. ಮೂರು ತಿಂಗಳಲ್ಲಿ ಆ ಷೇರು ಒಂದೂವರೆ ಪಟ್ಟಾಯಿತು. ಬಳಗ ಮೊದಲಿನಂತೆ ವಾರಕ್ಕೆರಡು ಸಂಜೆ ಸೇರತೊಡಗಿತು. ಸ್ವಂತಕ್ಕೆ ಒಂದು ಷೇರೂ ಇಲ್ಲದ ಪೋಸ್ಟಮ್ಮನ ಸಲಹೆಯೇ ಈಗಲೂ ಎಲ್ಲರಿಗೂ ಬೇಕು.

"ಇನ್ನೊಂದು ಮೂರು ತಿಂಗಳು ತಡೆದಿದ್ರೆ ಪೋಸ್ಟಮ್ಮ... ಎಂಥಾ ದುಡ್ಡು ಕೈಬಿಟ್ರಿ!" ಔಷಧಿ ಅಂಗಡಿಯವರ ದನಿ ಏರಿತು.

ಒಳಕೋಣೆಯಲ್ಲಿ ರಕ್ತದ ಕಣಗಳ ಚಿತ್ರದ ಮುಂದೆ ಪುಸ್ತಕ ಹರವಿ ಕೂತಿದ್ದ ಸೊಸೆಗೆ ಅತ್ತೆಯ ಉತ್ತರ ಬಾಗಿಲ ಸಂದಿಯಿಂದ ಕೇಳಿಸಿತು.

"ಸ್ವಲ್ಪ ಮೆಲ್ಲಗೆ ಮಾತಾಡಿ," ಎನ್ನುತ್ತಿದ್ದರು ಅತ್ತೆ. "ನಾಡಿದ್ದು ಅವಳಿಗೆ ಪರೀಕ್ಷೆ ಇದೆ."