ಐದೂವರೆ ಗಂಟೆಯ ಬಾವುಟ

ನಸುಗತ್ತಲಲ್ಲಿ ರಸ್ತೆಯ ಉಬ್ಬು ಕಾಣದೆ ವಿಭಾ ಎಡವಿದಳು.

"ಅಯ್ಯೋ ರಾಯರೇ!"

ಹತ್ತು ಹೆಜ್ಜೆ ಮುಂದಿದ್ದ ಬಾವುಟ ತಟ್ಟನೆ ತಿರುಗಿತು. ಪೇಸರ್‌ನ ಬೆನ್ನಿಗೆ ಕಟ್ಟಿದ್ದ ಪುಟ್ಟ ಬಾವುಟ ಅದು, ಮೇಲೆ 5:30 ಎಂದು ಬರೆದಿತ್ತು. ಅವನ ಹೆಜ್ಜೆಗೆ ಹೆಜ್ಜೆ ಹಾಕಿದವರು ಸರಿಯಾಗಿ ಐದೂವರೆ ಗಂಟೆಗೆ ಮ್ಯಾರಥಾನ್ ಮುಗಿಸುತ್ತಾರೆ. ಅವನು ಬೇಗ ಓಡುವಂತಿಲ್ಲ, ಯಾರಿಗಾಗಿಯೂ ನಿಲ್ಲುವಂತಿಲ್ಲ.

"ಈ ಊರಲ್ಲಿ ಎಡವಿದಾಗ ರಾಯರನ್ನ ಕರೆಯೋಳು ಒಬ್ಬಳೇ," ಅಂದಿತು ಬಾವುಟದ ಕೆಳಗಿನ ದನಿ.

ಮುಖ ಕಾಣುವ ಮೊದಲೇ ಅವಳಿಗೆ ಗೊತ್ತಾಯಿತು. ರವಿಶಂಕರ್. ಇಪ್ಪತ್ತೆರಡು ವರ್ಷ ಕೇಳದ ದನಿ, ಒಂದಿಷ್ಟೂ ಹಳತಾಗಿರಲಿಲ್ಲ.

ಬೀದಿದೀಪದ ಕೆಳಗೆ ಬಂದಾಗ ಅವನ ಕಣ್ಣು ಅವಳ ಎದೆಯ ಮೇಲಿನ ನಂಬರ್ ಚೀಟಿಗೆ ಹೋಯಿತು. ವಿಭಾ ಹರಿದಾಸ್.

"ಇನ್ನೂ ಅಪ್ಪನ ಹೆಸರೇ ಇದೆ?"

"ಬೇರೆ ಹೆಸರು ಹಾಕ್ಕೊಳ್ಳೋ ಪ್ರಸಂಗ ಬರಲಿಲ್ಲ. ನಿಮ್ಮ ಮನೆಯವರು ಹೇಗಿದಾರೆ?"

"ಸಂಗೀತಾ ತೀರಿಕೊಂಡು ಆರು ವರ್ಷ ಆಯ್ತು." ಬೆನ್ನಿನ ಬಾವುಟ ಸರಿಪಡಿಸಿಕೊಂಡು, "ಅದೇನದು 'ನಿಮ್ಮ'? ಮರೀನಾದಲ್ಲಿ ನನ್ನನ್ನ ಕತ್ತೆ ಅಂತ ಕರೀತಿದ್ದೋಳು ನೀನು," ಅಂದ.

ಹೌದು, ಕರೆಯುತ್ತಿದ್ದಳು. ಕಾಲೇಜಿನ ಕೊನೆಯ ವರ್ಷ, ಟ್ರಿಪ್ಲಿಕೇನಿನ ಅವಳ ಮನೆಯಿಂದ ಬೆಳಗಿನ ಐದಕ್ಕೆ ಹೊರಟು ಇಬ್ಬರೂ ಕಡಲ ದಂಡೆಯುದ್ದಕ್ಕೂ ಓಡುತ್ತಿದ್ದರು. ಅವನು ಎಂದೂ ತಿರುಗಿ ನೋಡದೆ ಮುಂದೆ ಮುಂದೆ. ಆ ವರ್ಷವಿಡೀ ಅವಳು ನೋಡಿದ್ದು ಅವನ ಮುಖಕ್ಕಿಂತ ಬೆನ್ನನ್ನೇ. ಓಟ ಮುಗಿದ ಮೇಲೆ ಒಂದೇ ಬಾಟಲಿ ಪನ್ನೀರ್ ಸೋಡಾ, ಎರಡು ಸ್ಟ್ರಾ. ಅವಳು ಸೇರುವಷ್ಟರಲ್ಲಿ ಅವನ ಪಾಲು ಖಾಲಿಯಾಗಿರುತ್ತಿತ್ತು, ಅವಳ ಪಾಲು ಮಾತ್ರ ಗೆರೆ ಎಳೆದ ಹಾಗೆ ಉಳಿದಿರುತ್ತಿತ್ತು.

"ನೀನು ಪೇಸರ್ರಾ!" ಅವಳಿಗೆ ನಗು ತಡೆಯಲಾಗಲಿಲ್ಲ. "ಯಾರು ಸೇರಿಸಿಕೊಂಡ್ರು?"

"ಜನ ಬದಲಾಗ್ತಾರೆ ಕಣೇ."

"ನೋಡೋಣ."

ಸಾಂತೋಮಿನ ತಿರುವಿನಲ್ಲಿ ಜಾಗಟೆ ಕೇಳಿಸಿತು. ವಿಭಾ ನಾಚಿ ಕಣ್ಣು ಮುಚ್ಚಿಕೊಂಡಳು. ಜನ್ಮದಲ್ಲಿ ಯಾರನ್ನೂ ಗಟ್ಟಿಯಾಗಿ ಕರೆದವರಲ್ಲ ಅಪ್ಪ ಹರಿದಾಸರು. ಕೂಗಲು ಸಂಕೋಚವೆಂದು ದೇವರ ಮನೆಯ ಜಾಗಟೆಯನ್ನೇ ಹಿಡಿದು ಬಂದಿದ್ದರು. ಎಪ್ಪತ್ತಾರರ ಪಂಚೆಯ ಮುದುಕ ಫುಟ್‌ಪಾತಿನಲ್ಲಿ ನಿಂತು ಮಂಗಳಾರತಿಗೆ ಬಾರಿಸುವ ಹಾಗೆ ಬಾರಿಸುತ್ತಿದ್ದರೆ, ಪಕ್ಕದ ಕಾನ್ಸ್‌ಟೇಬಲ್, "ಎನ್ನ ತಾತಾ, ಇಂಗೆ ಕೋಯಿಲಾ?" ಎಂದು ಇಲ್ಲದ ಗುಡಿಯನ್ನು ಹುಡುಕುತ್ತ ನಗುತ್ತಿದ್ದ.

ಅಪ್ಪ ಮಗಳನ್ನು ನೋಡಿದರು. ಪಕ್ಕದಲ್ಲಿದ್ದವನನ್ನು ನೋಡಿದರು.

ಜಾಗಟೆ ನಿಂತಿತು.

ಆ ಮೌನ ಅವಳ ಜೊತೆ ಮೂವತ್ತು ಕಿಲೋಮೀಟರ್ ಓಡಿತು.

ಅಪ್ಪನಿಗೆ ಅವನ ಮೇಲಿದ್ದದ್ದು ಜಾತಿಯ ಸಿಟ್ಟಲ್ಲ. ರವಿ ಮನೆಗೆ ಬಂದು ಹೆಣ್ಣು ಕೇಳಿದ ದಿನ ಅಮ್ಮ ಪಾರ್ಶ್ವವಾಯು ಬಡಿದು ಮಲಗಿದ್ದಳು. "ಎರಡು ವರ್ಷ ಕಾಯಪ್ಪಾ," ಎಂದಷ್ಟೇ ಅಪ್ಪ ಕೇಳಿಕೊಂಡಿದ್ದರು. ರವಿಯ ಮನೆಯಲ್ಲಿ ದಾವಣಗೆರೆಯ ಸಂಬಂಧಕ್ಕೆ ಅವಸರವಿತ್ತು. "ನನಗೋಸ್ಕರ ನಿಲ್ಲಬೇಡ, ಹೋಗು," ಎಂದಿದ್ದಳು ವಿಭಾ. ಅವನು ಹೋಗಿಬಿಟ್ಟ.

ಅಡ್ಯಾರ್ ದಾಟಿತು, ಬೆಳಕಾಯಿತು, ಬಿಸಿಲೇರಿತು. ರವಿ ಗುಂಪಿನ ನಲವತ್ತು ಜನರಿಗೂ ತಮಾಷೆ ಹೇಳುತ್ತ, ನೀರು ಕುಡಿಸುತ್ತ, ಪ್ರತಿ ಐದು ನಿಮಿಷಕ್ಕೊಮ್ಮೆ ತಿರುಗಿ ನೋಡುತ್ತಿದ್ದ. ಎಲ್ಲರನ್ನೂ ಎಣಿಸಿ, ಕೊನೆಗೆ ಅವಳ ಮೇಲೆ ಒಂದು ಗಳಿಗೆ ಹೆಚ್ಚು. ಆ ಕಣ್ಣಿಗೆ ನಲವತ್ತಾರು ವರ್ಷವೆಂದರೆ ಯಾರೂ ನಂಬುತ್ತಿರಲಿಲ್ಲ.

ವಾಪಸ್ ಬರುವಾಗ ಮೂವತ್ತಾರನೆಯ ಕಿಲೋಮೀಟರಿನಲ್ಲಿ ಅವಳ ಮೀನಖಂಡ ಹಿಡಿದುಕೊಂಡಿತು. ಕಂಬ ಹಿಡಿದು ನಿಂತಳು.

ರವಿ ಅವಳತ್ತ ತಿರುಗಿ, ಹಿಮ್ಮುಖವಾಗಿ ಹೆಜ್ಜೆ ಹಾಕುತ್ತಲೇ ಕೂಗಿದ, "ಬಾವುಟ ಬೇರೆ ಯಾರಿಗಾದ್ರೂ ಕೊಡ್ತೀನಿ, ಇರು!"

ಅವನ ಸುತ್ತ ಬೆವೆತ ನಲವತ್ತು ಮುಖಗಳಿದ್ದವು. ತಿಂಗಳುಗಟ್ಟಲೆ ಈ ಬಾವುಟವನ್ನೇ ನಂಬಿ ಬಂದವರು.

"ಬೇಡ. ಅವರನ್ನ ಮುಟ್ಟಿಸು. ನನಗೋಸ್ಕರ ನಿಲ್ಲಬೇಡ, ಹೋಗು."

ಹೇಳಿದ ಮೇಲೆ ಅವಳಿಗೇ ಕೇಳಿಸಿತು ತನ್ನ ಮಾತು. ಅವನಿಗೂ ಕೇಳಿಸಿರಬೇಕು, ಮುಖ ಬಿಳಿಚಿತು. ಆದರೂ ಹೋದ. ಬಾವುಟ ಚಿಕ್ಕದಾಗುತ್ತ ಜನರ ನಡುವೆ ಕರಗಿತು, ಥೇಟ್ ಆ ವರ್ಷದ ಬೆನ್ನಿನ ಹಾಗೆ.

ಕುಂಟುತ್ತ ಸಾಂತೋಮ್ ಮುಟ್ಟಿದಾಗ ಅಪ್ಪ ಅಲ್ಲೇ ನಿಂತಿದ್ದರು.

"ಎಲ್ಲಿ ಅವನು?"

"ಮುಂದೆ ಹೋದ. ನಾನೇ ಕಳಿಸಿದೆ ಅಪ್ಪಾ."

"ಆಗಲೂ ಇದೇ ಹೇಳಿದ್ದಿ." ಅಪ್ಪ ಪಂಚೆ ಎತ್ತಿ ಕಟ್ಟಿದರು. "ಸೆರಿ, ನಡಿ. ನಾನೂ ಬರ್ತೀನಿ."

"ನಾಲ್ಕು ಕಿಲೋಮೀಟರ್ ಇದೆ ಅಪ್ಪಾ, ಬಿಸಿಲು ಬೇರೆ."

"ನಿನ್ನ ಮೊದಲನೇ ಹೆಜ್ಜೆಗೂ ಹೀಗೇ ಪಕ್ಕದಲ್ಲಿ ನಡೆದಿದ್ದೆ. ಬಾಯಿ ಮುಚ್ಕೊಂಡು ನಡಿ."

ಅವಳು ರಸ್ತೆಯಲ್ಲಿ, ಅವರು ಫುಟ್‌ಪಾತಿನಲ್ಲಿ. ನಡೆಯುತ್ತಲೇ ಅಪ್ಪ ಮೆಲ್ಲಗೆ ಕೇಳಿದರು, "ಇಷ್ಟು ವರ್ಷ ಒಬ್ಬಳೇ ಇದ್ದದ್ದು ನಮಗೋಸ್ಕರನಾ, ಅವನಿಗೋಸ್ಕರನಾ?"

"ಗೊತ್ತಿಲ್ಲ ಅಪ್ಪಾ. ನಿಜವಾಗಿ ಗೊತ್ತಿಲ್ಲ."

ಲೈಟ್‌ಹೌಸ್ ದಾಟಿದಾಗ ಎದುರಿನಿಂದ ಒಬ್ಬ ಓಡಿ ಬರುತ್ತಿದ್ದ. ಎಲ್ಲರೂ ಮುಗಿಸುವ ಗೆರೆಯತ್ತ ಸಾಗುತ್ತಿದ್ದರೆ ಇವನೊಬ್ಬ ಉಲ್ಟಾ. ಕೊರಳಲ್ಲಿ ಮೆಡಲು, ಬೆನ್ನಲ್ಲಿ ಬಾವುಟವಿಲ್ಲ.

ವಿಭಾಳ ಕಾಲು ತಾನಾಗಿ ನಿಂತಿತು. "ಮೆಡಲ್ ಹಾಕ್ಕೊಂಡು ಹಿಂದಕ್ಕೆ ಓಡ್ತೀಯಲ್ಲ, ಜನ ಹುಚ್ಚ ಅಂತಾರೆ."

"ಅನ್ನಲಿ." ಅವನಿಗೆ ಉಸಿರು ಸಾಲುತ್ತಿರಲಿಲ್ಲ. "ಎಲ್ಲರನ್ನೂ ಮುಟ್ಟಿಸಿದೆ. ಇನ್ನು ನೀನು ಎಷ್ಟು ನಿಧಾನ ನಡೆದ್ರೂ ಸರಿ ವಿಭಾ, ನಾನು ಪಕ್ಕದಲ್ಲೇ. ಈ ಸಲ ಹೋಗು ಅಂದ್ರೂ ಹೋಗಲ್ಲ."

ಉತ್ತರವಾಗಿ ಅವಳು ಅವನ ಭುಜದ ಮೇಲೆ ಕೈಯಿಟ್ಟು ಪೂರ್ತಿ ಭಾರ ಬಿಟ್ಟಳು.

ಆಮೇಲೆ ಇಬ್ಬರೂ ಫುಟ್‌ಪಾತಿನ ಕಡೆ ನೋಡಿದರು. ಅಪ್ಪ ನಿಂತೇ ಇದ್ದರು. ರವಿ ತಡವರಿಸುತ್ತ ನೀರಿನ ಬಾಟಲಿ ಚಾಚಿದ. "ಮಾಮಾ, ಬಿಸಿಲಲ್ಲಿ ನಡೆದಿದ್ದೀರಿ. ಒಂದು ಗುಟುಕು..."

ಅಪ್ಪ ಬಾಟಲಿಯನ್ನು ಕೈಯಿಂದ ಸರಿಸಿದರು. ರವಿಯ ಮುಖ ಸಪ್ಪಗಾಯಿತು. ವಿಭಾ ಕಾರಣ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಪ್ಪನೇ ಹೇಳಿದರು:

"ಇವತ್ತು ಏಕಾದಶಿ ಕಣೋ, ನೀರೂ ಇಲ್ಲ ನನಗೆ. ನಾಳೆ ಪಾರಣೆ. ಬೆಳಗ್ಗೆ ಆರೂವರೆಗೆ ಎಲೆ ಹಾಕ್ತೀವಿ, ಬಂದುಬಿಡು."

ಅಪ್ಪ ದ್ವಾದಶಿಯ ಊಟಕ್ಕೆ ಅಮ್ಮನಿಗೂ ಒಂದು ನಿಮಿಷ ಕಾದವರಲ್ಲ. ಹಸಿದ ಹೊಟ್ಟೆಗೆ ಅದೊಂದೇ ಮುಹೂರ್ತ.

"ಆರಕ್ಕೇ ಬರ್ತೀನಿ ಮಾಮಾ," ಅಂದ ರವಿ.

"ತಡ ಆದ್ರೂ ಬಾ." ಅಪ್ಪ ಆಗಲೇ ಮುಂದೆ ನಡೆಯತೊಡಗಿದ್ದರು. "ಕಾಯ್ತೀವಿ."