ಭಡಂಗದ ಕೈ

“ನಾ ಅಲ್ಲ ಅಂದ್ರ ಅಲ್ಲ! ಎಷ್ಟ ಸಲಾ ಹೇಳ್ಬೇಕು?”

ವೈಶಾಲಿ ಕಾಲು ನೆಲಕ್ಕೆ ಅಪ್ಪಳಿಸಿದಳು. ಹಗಲೆಲ್ಲ ಖಟಖಟ ಅನ್ನುವ ಪವರ್‌ಲೂಮು ನಿಂತಿತ್ತು. ಹಾಗಾಗಿ ಅವಳ ಕೂಗು ಓಣಿಯ ತುದಿಯವರೆಗೂ ಕೇಳಿಸಿರಬೇಕು.

ಅಪ್ಪ ಮಲ್ಲಿನಾಥ ಆಗಷ್ಟೇ ಮಗ್ಗದಿಂದ ಕತ್ತರಿಸಿ ತೆಗೆದ ಸೀರೆಯನ್ನು ಚಾಪೆಯ ಮೇಲೆ ಹರಡಿದ್ದ. ಹಾಲಿನಂಥ ಬಿಳಿ ಸೀರೆ. ಅಂಚಿನ ಹತ್ತಿರ ಮಾತ್ರ ಕೆಂಪಗೆ, ಎಣ್ಣೆಯೆಣ್ಣೆಯಾಗಿ, ಎರಡು ಬೆರಳಿನ ಗುರುತು.

ನೇಯ್ದ ಬಟ್ಟೆ ನೇಯ್ದ ಹಾಗೆ ಕೆಳಗಿನ ಉರುಳೆಗೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಒಳಗೆ ಸೇರಿದ ಕಲೆ ಸೀರೆ ಬಿಚ್ಚುವ ತನಕ ಯಾರ ಕಣ್ಣಿಗೂ ಬೀಳುವುದಿಲ್ಲ. ಆಮೇಲೆ, ಇದು ಯಾವಾಗ ಆಯಿತು, ಯಾರ ಕೈಯಿಂದ ಆಯಿತು ಎಂದು ಹುಡುಕುವುದೇ ಕಷ್ಟ.

ಅಣ್ಣ ಅರುಣನಿಗೆ ಅದೇನೂ ಕಷ್ಟ ಅನ್ನಿಸಲಿಲ್ಲ. ಬಗ್ಗಿ ಸೀರೆಯನ್ನು ಮೂಸಿ ನೋಡಿದ.

“ಭಡಂಗ! ಬಳ್ಳೊಳ್ಳಿ ವಾಸನಿ ಇನ್ನೂ ಹೋಗಿಲ್ಲ. ನಮ್ಮ ಮನ್ಯಾಗ ಭಡಂಗದ ಮಹಾರಾಣಿ ಯಾರು? ಹೇಳ್ರಿ ನೋಡೂಣು!”

ಖಾರದ ಪುಡಿ, ಬೆಳ್ಳುಳ್ಳಿ, ಎಣ್ಣೆ ಹಚ್ಚಿ ಹುರಿದ ಚುರಮರಿ, ಆ ಭಡಂಗವೆಂದರೆ ವೈಶಾಲಿ ಜೀವ ಬಿಡುತ್ತಿದ್ದಳು. ಎಂಟನೇ ಕ್ಲಾಸಿಗೆ ಬಂದ ಮೇಲಂತೂ ಹಸಿವೆ ಅವಳ ಬೆನ್ನು ಬಿಡುತ್ತಿರಲಿಲ್ಲ. ಉಂಡು ಎದ್ದರೂ ನಾಲಿಗೆ ಇನ್ನೇನೋ ಕೇಳುತ್ತಿತ್ತು.

“ನಾ ಭಡಂಗ ಬಿಟ್ಟೀನಿ! ಹೋದ ವಾರ ಎಲ್ಲಾರ ಮುಂದ ಹೇಳೀನಿಲ್ಲೋ?”

“ನೀ ಹೇಳಿದಿ. ಸೀರಿ ಬ್ಯಾರೇನ ಹೇಳಾಕತ್ತೈತಿ,” ಎಂದ ಅರುಣ.

ಅಜ್ಜಿ ಪದ್ಮವ್ವ ಸೆರಗು ಅಡ್ಡ ಹಿಡಿದು ನಕ್ಕಳು. ವೈಶಾಲಿಯ ಮೈ ಉರಿದು ಹೋಯಿತು.

ಇದೆಂಥ ನ್ಯಾಯ? ಅರುಣ ಐದು ರೊಟ್ಟಿ ಮುರಿದರೆ ‘ಛಲೋ ಉಣ್ತಾನ ನನ್ನ ಮೊಮ್ಮಗಾ’ ಅನ್ನುತ್ತಾಳೆ ಅಜ್ಜಿ. ತಾನು ಮೂರನೇ ರೊಟ್ಟಿಗೆ ಕೈ ಚಾಚಿದರೆ ‘ಸಾಕ ಮಾಡ ಬೇ’! ಅರುಣ ಎಣ್ಣೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರೂ ಯಾರೂ ಮೂಸುವುದಿಲ್ಲ. ಬೇಕಾದ್ದನ್ನು ಬಿಟ್ಟಿದ್ದೇನೆ ಅಂದರೂ ನಂಬುವವರಿಲ್ಲ. ಹಾಗಾದರೆ ಬಿಟ್ಟು ಏನು ಬಂತು?

ಅಪ್ಪ ಕಲೆಯ ಪಕ್ಕ ಬೆರಳಿಟ್ಟ. “ಇಲ್ನೋಡ್ರಿ. ಇಲ್ಲೇ ಎಳಿ ಹರದೈತಿ, ಇಲ್ಲೇ ಗಂಟ ಹಾಕ್ಯಾರ. ನಿಮ್ಮವ್ವ ಗಲಗಲಿ ಊರಿಗೆ ಹೋಗಿ ವಾರ ಆತು. ನಾ ಭಡಂಗ ಮುಟ್ಟೂದಿಲ್ಲ, ಪಿತ್ತ ಆಕ್ಕೈತಿ. ಅರುಣಗ ಗಂಟ ಹಾಕಾಕ ಬರೂದಿಲ್ಲ. ಅಜ್ಜಿಗೆ ಎಳಿ ಕಾಣೂದಿಲ್ಲ. ಉಳದಾವ್ರು ಇಬ್ಬರ.”

“ಇಬ್ಬರಿದ್ರ ನನ್ನೊಬ್ಬಾಕಿನ್ನ ಯಾಕ ಹಿಡೀತೀರಿ?” ವೈಶಾಲಿ ಸರಕ್ಕನೆ ತಿರುಗಿ ಮೂಲೆಗೆ ಕೈ ತೋರಿಸಿದಳು. “ಕಾಂಚನಕ್ಕನೂ ದಿನಾ ಮಧ್ಯಾಹ್ನ ತನ್ನ ಡಬ್ಬಿ ಬಿಚ್ಚಿ ಭಡಂಗ ತಿಂತಾಳ. ಆಕಿನ್ನ ಕೇಳ್ರಿ!”

ಮೂಲೆಯಲ್ಲಿ ಕಾಂಚನಾ ಕಂಡಿಕೆಗೆ ನೂಲು ಸುತ್ತುತ್ತ ಕುಳಿತಿದ್ದಳು. ದಿನವೂ ಈ ಮನೆಗೆ ಕೆಲಸಕ್ಕೆ ಬರುವವಳು. ಮಾತು ಕಡಿಮೆ. ತಿರುಗುತ್ತಿದ್ದ ರಾಟೆ ನಿಂತಿತು.

“ಏನಂದಿ?”

ಕಾಂಚನಾ ವೈಶಾಲಿಯನ್ನು ಬಿಟ್ಟು ಮಲ್ಲಿನಾಥನ ಕಡೆ ನೋಡಿದಳು.

“ನೀವೇನಂತೀರಿ, ಮಲ್ಲಣ್ಣ?”

ಅಪ್ಪ ಸೀರೆಯನ್ನೇ ನೋಡುತ್ತ ಹೇಳಿದ, “ಹಂಗಲ್ಲವಾ ಕಾಂಚನಾ... ಕೈ ತೊಳಕೊಂಡಿದ್ಯೋ ಇಲ್ಲೋ ಅಂತ, ಸುಮ್ನ ಒಂದ ಮಾತ ಕೇಳೂದು...”

“ಕೇಳಿದ್ರಿ. ಆತು.”

ಮಗ್ಗದ ಮನೆಯ ಹೊಸ್ತಿಲಲ್ಲಿ ಯಾವಾಗಲೂ ಒಂದು ಬಕೆಟ್ ನೀರಿರುತ್ತದೆ. ನೂಲು ಮುಟ್ಟುವವರು ಮೊದಲು ಅದರಲ್ಲಿ ಕೈ ತೊಳೆಯಬೇಕು. ಬನಹಟ್ಟಿಯ ನೇಕಾರರ ಮನೆಯಲ್ಲಿ ಅಂಬೆಗಾಲಿಡುವ ಕೂಸಿಗೂ ಅದು ಗೊತ್ತು. ‘ಕೈ ತೊಳೆದುಕೊಂಡೆಯಾ’ ಎಂದು ಕಾಂಚನಾಳಂಥ ಪಳಗಿದವಳನ್ನು ಕೇಳುವುದು, ಅವಳ ಕೆನ್ನೆಗೆ ಹೊಡೆದ ಹಾಗೆ.

ಅವಳು ಕಂಡಿಕೆಯನ್ನು ಬುಟ್ಟಿಗೆ ಹಾಕಿ, ಡಬ್ಬಿ ಎತ್ತಿಕೊಂಡು ಎದ್ದಳು. “ನಾಳಿಂದ ಬ್ಯಾರೇದವ್ರನ್ನ ನೋಡ್ಕೊರಿ.” ಚಪ್ಪಲಿ ಮೆಟ್ಟಿ ಹೊರಟೇ ಹೋದಳು.

ಆಮೇಲೆ ಅಜ್ಜಿ, “ಪಾಪ, ಕೂಸು ಬಿಟ್ಟೀನಿ ಅಂತ ಬಡಕೊಂತು. ನಾವ ನಂಬಲಿಲ್ಲ,” ಎಂದಳು. ಅರುಣ ಕೂಡ ತಲೆ ಕೆರೆದುಕೊಂಡ.

ಗೆದ್ದ ವೈಶಾಲಿ ಮುಖ ಊದಿಸಿಕೊಂಡೇ ಅಡುಗೆ ಮನೆಗೆ ನಡೆದಳು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ.

“ಈ ಮನ್ಯಾಗ ಖರೆ ಹೇಳಿದ್ರ ಯಾರೂ ಕೇಳೂದಿಲ್ಲ,” ಗೋಡೆಗೆ ಹೇಳಿದಳು. “ಏನ ಆದ್ರೂ ನಾನ. ಹಾಲ ಉಕ್ಕಿದ್ರ ನಾನ. ಡಬ್ಬಿ ಖಾಲಿ ಆದ್ರ ನಾನ. ಒಮ್ಮೆ ಬಿಟ್ಟೀನಿ ಅಂದ ಮ್ಯಾಲ ನಾ ಯಾಕ ಮುಟ್ಟಲಿ? ನಾ ಏನ್ ಸುಳ್ಳಿಯೇನು?”

ಕುರುಂ. ಕುರುಂ.

ಯಾರದು ಸದ್ದು? ವೈಶಾಲಿ ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ.

ಸದ್ದು ಅವಳ ಬಾಯಿಯೊಳಗಿಂದಲೇ ಬರುತ್ತಿತ್ತು.

ಮೆಲ್ಲಗೆ ಕೆಳಗೆ ನೋಡಿದಳು. ಕಟ್ಟೆಯ ಮೇಲೆ ಭಡಂಗದ ಡಬ್ಬಿ ತೆರೆದಿತ್ತು. ಮುಚ್ಚಳ ಪಕ್ಕದಲ್ಲಿತ್ತು. ಅವಳ ಕೈ ಮಣಿಕಟ್ಟಿನವರೆಗೆ ಡಬ್ಬಿಯೊಳಗಿತ್ತು.

ಯಾವಾಗ ತೆರೆದೆ? ಎಷ್ಟು ನೆನೆದರೂ ತಿಳಿಯಲಿಲ್ಲ. ಕೈ ಹೊರಗೆ ತೆಗೆದಳು. ಎರಡು ಬೆರಳ ತುದಿ ಕೆಂಪಗೆ ಹೊಳೆಯುತ್ತಿತ್ತು.

ಆಗ ನೆನಪು ಬಂತು. ಮೊನ್ನೆ ಶಾಲೆಯಿಂದ ಬಂದು ಅವಳು ಇಲ್ಲೇ ನಿಂತಿದ್ದಳು, ಹೀಗೆಯೇ. ಅರುಣ ಒಳಗಿನಿಂದ ‘ಎಳಿ ಹರೀತ ಬೇ, ಲಗೂನ ಬಾ’ ಎಂದು ಕೂಗಿದ್ದ. ಅವಳು ಬಕೆಟ್ ದಾಟಿ ಓಡಿದ್ದಳು. ಗಂಟು ಹಾಕಿದ್ದು ಚೆನ್ನಾಗಿ ನೆನಪಿತ್ತು. ಡಬ್ಬಿ ಮಾತ್ರ ಇಷ್ಟು ಹೊತ್ತೂ ನೆನಪಿಗೆ ಬಂದಿರಲಿಲ್ಲ.

ಬಾಯಲ್ಲಿದ್ದ ಭಡಂಗ ಮಣ್ಣಿನ ಹಾಗಾಯಿತು.

ಯಾರೂ ನೋಡಿರಲಿಲ್ಲ. ಡಬ್ಬಿಗೆ ಮುಚ್ಚಳ ಹಾಕಿದರೆ ಮುಗಿಯಿತು. ಆದರೆ ತನ್ನ ಮೇಲೆ ಅನುಮಾನ ಬಂದಾಗ ತಾನು ಮನೆ ಹಾರಿ ಹೋಗುವ ಹಾಗೆ ಕೂಗಿದ್ದಳು. ಕಾಂಚನಕ್ಕ ಕೂಗಲೂ ಇಲ್ಲ.

ವೈಶಾಲಿ ಬಚ್ಚಲಿಗೆ ಹೋಗಿ ಸಾಬೂನು ಹಚ್ಚಿ ಕೈ ತಿಕ್ಕಿದಳು. ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಎರಡು ಓಣಿ ದಾಟಿ ಕಾಂಚನಾಳ ಮನೆಯ ಮುಂದೆ ನಿಂತಳು.

ಒಳಗೆ ಕಾಂಚನಾಳ ಅತ್ತೆ ರುಕ್ಮವ್ವ ಮೆಣಸಿನಕಾಯಿ ಭಜಿ ಕರಿಯುತ್ತಿದ್ದಳು. ನಡೆದ ಸಂಗತಿ ಅವಳಿಗಿನ್ನೂ ಗೊತ್ತಿರಲಿಲ್ಲ. “ಅಯ್ಯ, ಮಲ್ಲಣ್ಣನ ಮಗಳ! ಬಾರವಾ, ಕುಂಡ್ರು,” ಎಂದು ತಟ್ಟೆ ತುಂಬ ಭಜಿ ಹಾಕಿ ಮುಂದಿಟ್ಟಳು. “ಮೊದಲ ತಿನ್ನು. ಬಿಸಿ ಅದಾವ.”

ಕಾಂಚನಾ ಬಾಗಿಲಿಗೆ ಒರಗಿ ನಿಂತಿದ್ದಳು. “ತಿನ್ನು. ಹೆದರಬ್ಯಾಡ. ನಮ್ಮ ಮನ್ಯಾಗ ಕೈ ತೊಳಕೊಂಡ ಕರೀತಾರ.”

ಭಜಿಯಿಂದ ಹೊಗೆ ಏಳುತ್ತಿತ್ತು. ಕಡಲೆಹಿಟ್ಟು ಎಣ್ಣೆಯಲ್ಲಿ ಉಬ್ಬಿ ಹೊಂಬಣ್ಣವಾಗಿತ್ತು. ವೈಶಾಲಿಯ ಬಾಯಲ್ಲಿ ನೀರೂರಿತು. ಒಂದು ತಿಂದು ಹೇಳಿದರಾಯಿತು, ಅನ್ನಿಸಿತು. ಒಂದು ತಿಂದರೆ ಇನ್ನೊಂದು. ತಟ್ಟೆ ಖಾಲಿಯಾಗುವಷ್ಟರಲ್ಲಿ ಹೇಳುವ ಧೈರ್ಯವೂ ಖಾಲಿಯಾಗಿರುತ್ತದೆ. ತನ್ನ ವಿಷಯ ತನಗೇ ಗೊತ್ತು.

ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕುಳಿತಳು.

“ಅಕ್ಕಾ, ಸೀರಿ ಮ್ಯಾಲಿನ ಕಲೆ ನಂದು.”

ಕಾಂಚನಾ ಕದಲಲಿಲ್ಲ. “ಅವಾಗ ಯಾಕ ಹೇಳಲಿಲ್ಲ?”

“ಗೊತ್ತಿರಲಿಲ್ಲ. ಖರೇನ ಗೊತ್ತಿರಲಿಲ್ಲಕ್ಕಾ. ಡಬ್ಬಿಗೆ ಕೈ ತಾನ ಹೋಗಿತ್ತು.”

“ತಾನ ಹೋಗಾಕ ಅದೇನ ನಿನ್ನ ಕೈಯೋ, ಓಣ್ಯಾನ ನಾಯೋ?” ಕಾಂಚನಾಳ ದನಿ ಈಗ ಏರಿತು. “ಬರೇ ಕೈ ಅಲ್ಲ. ಎಲ್ಲಾರ ಮುಂದ ನನ್ನ ಹೆಸರ ತಗದಿಯಲ್ಲ, ಆ ಬಾಯಿ? ಅದೂ ತಾನ ಹೋಗಿತ್ತೇನು?”

ವೈಶಾಲಿ ತಲೆ ತಗ್ಗಿಸಿದಳು. ‘ಹೌದು’ ಎನ್ನುವುದು ಸುಲಭವಿತ್ತು.

“ಇಲ್ಲ,” ಎಂದಳು. “ಅದು ನಾನ.”

ಎಣ್ಣೆ ಚರ್ರೆಂದಿತು. ರುಕ್ಮವ್ವ ಭಜಿ ತೆಗೆಯುವ ಝಾರಿ ಹಿಡಿದವಳು ಹಾಗೆಯೇ ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಕಾಂಚನಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಚಪ್ಪಲಿ ಮೆಟ್ಟಿದಳು.

“ನಡಿ. ನನ್ನ ಮುಂದ ಅಲ್ಲ. ನಿಮ್ಮಪ್ಪನ ಮುಂದ ಹೇಳು, ಆ ಅರುಣನ ಮುಂದ ಹೇಳು. ಈಗ.”

ವೈಶಾಲಿ ಎದ್ದಳು.

“ಅಯ್ಯ, ಒಂದರ ತಿಂದ ಹೋಗ ಬೇ!” ರುಕ್ಮವ್ವ ಕೂಗಿದಳು.

“ಹೇಳಿ ಬಂದ ತಿಂತೀನಿ, ಆಯಿ.”

ಹೊರಗೆ ಓಣಿಯ ತುಂಬ ಮಗ್ಗಗಳ ಸದ್ದು. ಕಾಂಚನಾ ಹಿಂದೆ ನೋಡದೆ ಬಿರಬಿರನೆ ಮುಂದೆ ನಡೆದಳು. ಅವಳ ಸಿಟ್ಟು ಇವತ್ತೇ ಇಳಿಯುವ ಹಾಗೆ ಕಾಣಲಿಲ್ಲ. ಭಜಿಯ ವಾಸನೆ ತಿರುವಿನವರೆಗೂ ಬೆನ್ನು ಹತ್ತಿ ಬಂತು. ವೈಶಾಲಿಯ ಬಾಯಲ್ಲಿ ನೀರೂರುತ್ತಲೇ ಇತ್ತು. ಊರಿದರೆ ಊರಲಿ ಎಂದುಕೊಂಡು, ನುಂಗಿ, ಕಾಂಚನಕ್ಕನ ಹೆಜ್ಜೆಗೆ ಸರಿಯಾಗಿ ನಡೆದಳು.